ನಾಗರತ್ನ ಹೊಲಿದ ನಲವತ್ಮೂರು ಪಟ್ಟಿ

ರಾಯದುರ್ಗದಲ್ಲಿ ಹೆಲ್ಮೆಟ್ ಇಲ್ಲದ ಮನೆ ಹುಡುಕಿದರೂ ಸಿಗುವುದಿಲ್ಲ. ಹೆಲ್ಮೆಟ್ ಇರುವ ತಲೆ ಮಾತ್ರ ಹುಡುಕಬೇಕು. ಕೆಲವರದ್ದು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿರುತ್ತದೆ, ಕೆಲವರದ್ದು ಮೊಣಕೈಗೆ ನೇತಾಡುತ್ತಿರುತ್ತದೆ. ಪೊಲೀಸರು ಕಂಡರೆ ತಲೆಗೇರುತ್ತದೆ, ಅವರು ಮರೆಯಾದರೆ ಮತ್ತೆ ಟ್ಯಾಂಕಿಗೆ ಇಳಿಯುತ್ತದೆ. ದಿನಕ್ಕೆ ಹತ್ತು ಸಲ ಹೀಗೆ ಏರಿ ಇಳಿದರೆ ಯಾವ ಕೊಂಡಿ ತಾನೆ ತಡೆದೀತು? ಗದ್ದದ ಕೆಳಗಿನ ಪ್ಲಾಸ್ಟಿಕ್ ಕೊಂಡಿ ಮೊದಲು ಮುರಿಯುತ್ತದೆ. ಆಮೇಲೆ ಪಟ್ಟಿ ಎರಡೂ ಕಡೆ ಜೋತಾಡುತ್ತದೆ.

ಗಂಗರಾಜುವಿನ ಹೆಲ್ಮೆಟ್ಟಿನದೂ ಅದೇ ಕಥೆಯಾಗಿತ್ತು.

ಗಂಗರಾಜು ಬೈಕಿನ ಮೇಲೆ ಜೀನ್ಸ್ ಬಂಡಲ್ ಸಾಗಿಸುವವನು. ಕತ್ತರಿಸಿದ ಬಟ್ಟೆಯನ್ನು ಕಟಿಂಗ್ ಅಂಗಡಿಯಿಂದ ಹೊಲಿಯುವವರ ಮನೆಗೆ, ಹೊಲಿದ ಪ್ಯಾಂಟನ್ನು ಅಲ್ಲಿಂದ ತೊಳೆಯುವ ಶೆಡ್ಡಿಗೆ. ಹಿಂದೆ ನಾಲ್ಕು ಬಂಡಲ್, ಮುಂದೆ ಒಂದು. ಬಂಡಲುಗಳ ನಡುವೆ ಆಸಾಮಿ ಎಲ್ಲಿದ್ದಾನೆಂದು ಹುಡುಕಬೇಕು, ಹಾಗೆ ಹೇರಿಕೊಂಡು ಹೋಗುತ್ತಿದ್ದ. ಅವನ ಹೆಂಡತಿ ನಾಗರತ್ನ ಮನೆಯಲ್ಲೇ ಪವರ್ ಮಷೀನ್ ಇಟ್ಟುಕೊಂಡು ಜೀನ್ಸಿನ ಸೊಂಟದ ಪಟ್ಟಿ ಹೊಲಿಯುತ್ತಿದ್ದಳು. ಊರಿಗೆ ಊರೇ ಜೀನ್ಸ್ ಹೊಲಿಯುತ್ತಿದ್ದ ಕಾಲ ಅದು. ಸುತ್ತಲಿನ ಹಳ್ಳಿಗಳಿಂದಲೂ ಜನ ಹೊಲಿಗೆಗೆಂದು ಬಂದು ಬಾಡಿಗೆ ಹಿಡಿದಿದ್ದರು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಮಷೀನು ಗರ್ ಅನ್ನದ ಮನೆ ಇರಲಿಲ್ಲ. ಅಷ್ಟು ಜನರ ನಡುವೆಯೂ ನಾಗರತ್ನಳ ಹೊಲಿಗೆಗೆ ಒಂದು ಹೆಸರಿತ್ತು. ಅವಳು ಹಾಕಿದ ದಾರ ಕಿತ್ತು ಬಂತೆಂದು ಒಬ್ಬನೂ ಮಾಲು ವಾಪಸ್ ತಂದವನಲ್ಲ.

ಒಂದು ದಿನ ಗಂಗರಾಜು ಹೆಲ್ಮೆಟ್ ತಂದು ಅವಳ ಮುಂದೆ ಕುಕ್ಕಿದ.

"ಕೊಂಡಿ ಮುರದೈತಿ. ಇದನ್ನ ತಿಪ್ಪಿಗೆ ಒಗಿ."

"ಒಗಿಯೂದು ಯಾಕ? ಇಲ್ಲಿ ಕೊಡು," ಎಂದಳು ನಾಗರತ್ನ.

ಜೀನ್ಸ್ ಚೂರನ್ನು ಎರಡು ಮಡಿಕೆ ಮಾಡಿದಳು. ಮೇಲೆ ಐದು ಸಾಲು ಹೊಲಿಗೆ ಓಡಿಸಿದಳು. ಒಂದು ತುದಿಗೆ ಪ್ಯಾಂಟಿಗೆ ಹಾಕುವ ಹಿತ್ತಾಳೆ ಬಣ್ಣದ ಬಟನ್ ಒತ್ತಿದಳು, ಇನ್ನೊಂದು ತುದಿಗೆ ಕಾಜಾ. ಹೆಲ್ಮೆಟ್ಟಿನ ಚಿಪ್ಪಿಗೆ ಸೂಜಿ ಇಳಿಯುವುದಿಲ್ಲವಲ್ಲ, ಅದಕ್ಕೇ ಪಟ್ಟಿಯನ್ನು ಎರಡು ತುಂಡು ಮಾಡಿ, ಎರಡೂ ಕಡೆ ಒಳಗಿನ ಮೆತ್ತೆ ಬಟ್ಟೆಗೆ ಗೋಣಿ ಸೂಜಿಯಿಂದ ಭದ್ರವಾಗಿ ಹೊಲಿದಳು. ಗದ್ದದ ಕೆಳಗೆ ಒಂದು ಸಲ ತೂರಿಸಿದರೆ ಮುಗಿಯಿತು, ಒಂದು ಸಲ ಹೊರಳಿಸಿದರೆ ಬಿಚ್ಚಿತು. ನೋಡಲಿಕ್ಕೂ ಚೆಂದ!

ಗಂಗರಾಜು ಕನ್ನಡಿ ಮುಂದೆ ನಿಂತು ಮೀಸೆ ತಿರುವಿದ. ಬೀದಿಯವರು ನೋಡಿದರು. "ನಾಗರತ್ನಕ್ಕ, ನನಗೂ ಒಂದು," ಎಂದು ಸಾಲು ಹಚ್ಚಿದರು. ಕಟಿಂಗ್ ಅಂಗಡಿಯ ಕೊಟ್ರಬಸಪ್ಪ ಹಾಕಿಸಿಕೊಂಡ. ತೊಳೆಯುವ ಶೆಡ್ಡಿನ ಹುಡುಗರು ಹಾಕಿಸಿಕೊಂಡರು. ಐವತ್ತು ಬಟನ್ನಿನ ಪೊಟ್ಟಣ ಕರಗುತ್ತ ಬಂತು. ಅತ್ತೆ ಪಾಲಮ್ಮ ಬಾಗಿಲಲ್ಲಿ ಕೂತು, "ನನ್ನ ಸೊಸಿ ಪ್ಯಾಂಟು ಅಷ್ಟೇ ಅಲ್ಲವ್ವ, ತಲೀನೂ ಹೊಲಿದು ಕೊಡ್ತಾಳ," ಎಂದು ಹೋಗಿಬರುವವರಿಗೆಲ್ಲ ಹೇಳಿದಳು. ನಾಗರತ್ನಳಿಗೆ ಒಳಗೊಳಗೇ ಹಿಗ್ಗು. ಹಿಗ್ಗದೆ ಇರುತ್ತಾಳೆಯೇ, ಪಾಪ?

ಹೀಗಿರುವಾಗ ಬಳ್ಳಾರಿ ರಸ್ತೆಯ ಚಹಾ ಅಂಗಡಿಯ ಗೋಡೆಗೆ ಒಂದು ಚೀಟಿ ಅಂಟಿತು. ಊರಾಚೆ ಮುಚ್ಚಿದ ನೂಲಿನ ಗಿರಣಿಯ ದೊಡ್ಡ ಶೆಡ್ಡಿನೊಳಗೆ ಭಾನುವಾರ ಬೈಕ್ ಪಂದ್ಯ. ಹವ್ಯಾಸಿ ಸವಾರರ ಸಂಘವೊಂದು ನಡೆಸುವುದು. ಶೆಡ್ಡಿನ ನೆಲಕ್ಕೆ ಮಣ್ಣು ತುಂಬಿ, ದಿಬ್ಬ ಕಟ್ಟಿ, ಅದರ ಮೇಲೆ ಬೈಕ್ ಹಾರಿಸುವುದು. ಮೋಟೋಕ್ರಾಸ್ ಅಂತೆ ಅದರ ಹೆಸರು. ಕಡೆಗೆ ಒಂದು ಸಾಲು ಹೀಗಿತ್ತು: ಸ್ಥಳೀಯರು ತಮ್ಮ ಸ್ವಂತ ಬೈಕ್ ತಂದು ಓಡಿಸಬಹುದು.

"ಹೆಸರು ಬರೆಸಿ ಬಂದೆ," ಎಂದ ಗಂಗರಾಜು ಸಂಜೆ ಊಟಕ್ಕೆ ಕೂತಾಗ.

ನಾಗರತ್ನ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಎದಕ್ಕ?"

"ಐದು ಬಂಡಲ್ ಹೇರಿಕೊಂಡು ಓಬಳಾಪುರದ ಕೆಂಪು ಮಣ್ಣಾಗ, ಅದುರಿನ ಲಾರಿ ನಡುವ ಗಾಡಿ ಹೊಡದೋನು ನಾನು. ಬರೀ ಗಾಡಿ ಹೊಡಿಯೂದು ಏನು ದೊಡ್ಡದು? ಊರ ಮಂದಿ ಎಲ್ಲಾ ನೋಡ್ಲಿ."

"ಬಿದ್ದರ?"

"ನೀ ಹೊಲಿದ ಹೆಲ್ಮೆಟ್ ಐತಲ್ಲ," ಎಂದು ಅವನು ನಕ್ಕ. ಆ ಮಾತಿಗೆ ಅವಳೂ ಕರಗಿದಳು.

ಭಾನುವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಗಿರಣಿಯ ಕಡೆ ಹೊರಟಿತು. ನಾಗರತ್ನ ಅತ್ತೆಯ ಕೈಹಿಡಿದು ಶೆಡ್ಡಿನ ಬಾಗಿಲು ದಾಟಿದವಳು ಅಲ್ಲೇ ನಿಂತುಬಿಟ್ಟಳು. ಅಬ್ಬಬ್ಬಾ! ಹೊರಗೆ ಬಿಸಿಲು ಸುಡುತ್ತಿದ್ದರೆ ಒಳಗೆ ನೀರು ಚಿಮುಕಿಸಿದ ಮಣ್ಣಿನ ತಂಪು ವಾಸನೆ. ಹಿಂದೆ ನೂಲಿನ ಮಷೀನುಗಳು ಸಾಲಾಗಿ ನಿಂತಿದ್ದ ಜಾಗದಲ್ಲಿ ಈಗ ಆಳೆತ್ತರದ ದಿಬ್ಬಗಳು. ಒಂದು ಕಡೆ ಉತ್ತ ಹೊಲದ ಸಾಲಿನಂತೆ ಸಣ್ಣ ಸಣ್ಣ ಏರಿಳಿತ, ತಿರುವಿನಲ್ಲಿ ಕೆರೆ ಏರಿಯಂತೆ ಒರಗಿಸಿ ಕಟ್ಟಿದ ಮಣ್ಣು. ಮೇಲೆ ತಗಡಿನ ಸೂರಿಗೆ ದೊಡ್ಡ ದೊಡ್ಡ ದೀಪ. ಹೊಗೆ ಹೋಗಲೆಂದು ಎರಡೂ ಕಡೆಯ ಬಾಗಿಲು ತೆರೆದು, ಆಳುದ್ದದ ಫ್ಯಾನು ಹಚ್ಚಿದ್ದರು.

"ಸೂರಿನ ಕೆಳಗ ಹೊಲ ಮಾಡ್ಯಾರಲ್ಲೇ!" ಎಂದಳು ಪಾಲಮ್ಮ.

ಓಡಿಸುವವರು ಮೊದಲು ಬಾಗಿಲ ಬಳಿಯ ಮೇಜಿನ ಮುಂದೆ ಬೈಕನ್ನೂ ಹೆಲ್ಮೆಟ್ಟನ್ನೂ ತೋರಿಸಬೇಕಿತ್ತು. ಬೈಕ್ ನೋಡುವವನು ಕನ್ನಡಿ ಬಿಚ್ಚಿಸಿ, ದೀಪಕ್ಕೆ ಟೇಪ್ ಸುತ್ತಿಸಿ ಬಿಡುತ್ತಿದ್ದ. ಹೆಲ್ಮೆಟ್ ನೋಡುತ್ತಿದ್ದವಳು ಒಬ್ಬ ಹೆಣ್ಣುಮಗಳು. ಇಪ್ಪತ್ತೈದರ ಆಚೀಚೆ, ಎರಡು ಜಡೆ, ಮೈಮೇಲೆ ಸವಾರರ ದಪ್ಪ ಅಂಗಿ, ಮೊಣಕಾಲಿಗೆ ಚಿಪ್ಪು. ಹೆಸರು ಮಮತಾ. ಮಡಕಶಿರಾ ಪಕ್ಕದ ಗುಡಿಬಂಡೆಯವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹಿಂದೂಪುರದ ಗಾರ್ಮೆಂಟ್ಸಿಗೆ ಹೋಗಿ, ಹೊಲಿದ ಅಂಗಿಗಳನ್ನು ಎಳೆದೆಳೆದು ಪರೀಕ್ಷೆ ಮಾಡುವ ಕೆಲಸ ಅವಳದು. ಭಾನುವಾರ ಬಂದರೆ ಬೈಕ್. ಸಂಘ ಸಣ್ಣದು, ಓಡಿಸುವವರೇ ಒಂದೊಂದು ಕೆಲಸ ಹಂಚಿಕೊಂಡಿದ್ದರು.

ಮಮತಾ ಗಂಗರಾಜುವಿನ ಹೆಲ್ಮೆಟ್ ತಿರುಗಿಸಿದಳು. ಬಟನ್ ನೋಡಿದಳು, ಐದು ಸಾಲಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಯಾರು ಒಲ್ದಿದ್ದು ಇದು?"

"ನಾನೇ ರೀ," ಎಂದು ನಾಗರತ್ನ ಮುಂದೆ ಬಂದಳು. ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. "ಜಗ್ಗಿ ನೋಡ್ರಿ. ದಾರ ಕಿತ್ತು ಬಂದರ ನನ್ನ ಹೆಸರು ನಾಗರತ್ನ ಅಲ್ಲ."

"ಎಳೀತೀನಿ ಕಣಕ್ಕ. ಬೇಜಾರ್ ಮಾಡ್ಕಬೇಡ."

ಮಮತಾ ಬಟನ್ ಹಾಕಿ, ಹೆಲ್ಮೆಟ್ಟನ್ನು ಎರಡು ಪಾದದ ನಡುವೆ ಇಟ್ಟು, ಪಟ್ಟಿಗೆ ಎರಡೂ ಕೈ ಕೊಟ್ಟು ಒಂದೇ ಸಲ ಜಗ್ಗಿದಳು. ಜರ್ ಎಂದಿತು. ಅವಳ ಕೈಯಲ್ಲಿ ಪಟ್ಟಿ ಇತ್ತು, ಬಟನ್ ಹಾಕಿದಂತೇ ಇತ್ತು, ಹೊಲಿಗೆಯ ಒಂದು ಎಳೆಯೂ ಬಿಟ್ಟಿರಲಿಲ್ಲ. ಒಳಗಿನ ಮೆತ್ತೆ ಬಟ್ಟೆ ಮಾತ್ರ ಪೂರ್ತಿ ಕಿತ್ತು ಪಟ್ಟಿಯ ಜೊತೆ ನೇತಾಡುತ್ತಿತ್ತು. ಹೆಲ್ಮೆಟ್ಟಿನ ಚಿಪ್ಪು ಬೋಳಾಗಿ ನೆಲದ ಮೇಲೆ ಉರುಳಿತು.

ನಾಗರತ್ನಳ ಮುಖ ಸಣ್ಣದಾಯಿತು.

"ನಿನ್ನ ಒಲಿಗೆ ಬಿಟ್ಟಿಲ್ಲ ಕಣಕ್ಕ," ಎಂದಳು ಮಮತಾ ಮೆಲ್ಲಗೆ. "ಇಂಥ ಒಲಿಗೆ ನಮ್ಮ ಫ್ಯಾಕ್ಟ್ರೀಲೂ ಕಾಣಲ್ಲ. ಆದ್ರೆ ನೀನು ಒಲ್ದಿರೋದು ಬಟ್ಟೆಗೆ. ಈ ಬಟ್ಟೆ ಚಿಪ್ಪಿಗೆ ಬರೀ ಗೋಂದಲ್ಲಿ ಅಂಟ್ಕಂಡಿರ್ತದೆ. ಕಂಪ್ನಿ ಪಟ್ಟಿನ ಚಿಪ್ಪಿಗೇ ಮೊಳೆ ಒಡ್ದು ಕೂರ್ಸಿರ್ತಾರೆ ನೋಡು."

"ಏ, ನೀ ಬೇಕಂತ ಕಿತ್ತಿ!" ಗಂಗರಾಜು ಸಿಟ್ಟಿಗೆದ್ದ. "ಹೆಣ್ಮಗಳು ಅಂತ ಸುಮ್ನದೀನಿ. ಹೆಲ್ಮೆಟ್ ಬ್ಯಾಡೇ ಬ್ಯಾಡ ನನಗ. ಹಂಗೇ ಹೊಡೀತೀನಿ. ಇಷ್ಟು ವರ್ಷ ತಲಿ ಏನು ಉದುರಿ ಬಿತ್ತೇನು? ಹೆಲ್ಮೆಟ್ಟಿಂದ ಉದುರೂದು ಕೂದಲು!"

"ಅಣ್ಣ, ಇಲ್ಲಿ ಬಿಡಾಕಿಲ್ಲ."

"ಊರ ಮಂದಿ ಮುಂದ ನನ್ನ ಮರ್ಯಾದಿ..."

"ನಮ್ಮಣ್ಣನೂ ಇಂಗೇ ಅಂತಿದ್ದ," ಎಂದಳು ಮಮತಾ. ಅವಳ ದನಿ ಏರಲಿಲ್ಲ. "ತಿಮ್ಮರಾಜು ಅಂತ. ಎಲ್ಮೆಟ್ ಆಕ್ಕಂಡಿದ್ದ, ಪಟ್ಟಿ ಕಟ್ಟಿರ್ಲಿಲ್ಲ. ನಮ್ಮೂರಿಂದ ರೊಳ್ಳಕ್ಕೆ ಓಗೋ ರಸ್ತೆ ತಿರುವಿನಾಗೆ ನಾಯಿ ಅಡ್ಡ ಬಂತು. ಮೊದ್ಲು ಎಲ್ಮೆಟ್ ಆರೋಯ್ತು, ಆಮೇಲೆ ತಲೆ ಬಿತ್ತು. ಎಲ್ಮೆಟ್ಟಿಗೆ ಒಂದು ಗೀರೂ ಆಗಿಲ್ಲ. ಇವತ್ತಿಗೂ ಮನೇಲಿ ಅಂಗೇ ಐತೆ."

"ಅಣ್ಣ?" ಎಂದಳು ನಾಗರತ್ನ. ಕೇಳಬಾರದಿತ್ತೇನೋ ಎಂದು ಕೇಳಿದ ಮೇಲೆ ಅನಿಸಿತು.

"ಬದುಕವ್ನೆ. ಉಣ್ಣುಸ್ತೀವಿ, ಉಣ್ತಾನೆ. ನನ್ನ ಎಸ್ರು ಕೇಳಿದ್ರೆ ಸುಮ್ನೆ ನಗ್ತಾನೆ. ಗೊತ್ತಾಗಾಕಿಲ್ಲ."

ಗಂಗರಾಜು ಮೇಜಿನ ಮುಂದಿನಿಂದ ಸರಿದ. ಆದರೂ ಮೊಂಡ ಮೊಂಡನೇ. ಬೈಕನ್ನು ಗೋಡೆಗೆ ಒರಗಿಸಿ, ಮುಖ ಊದಿಸಿಕೊಂಡು ಕೂತ. ನಾಗರತ್ನ ಕಿತ್ತು ಬಂದ ಮೆತ್ತೆಯನ್ನು ಮಡಿಲಲ್ಲಿಟ್ಟುಕೊಂಡು ಹಲಗೆಯ ಮೇಲೆ ಕೂತಳು. ತನ್ನ ಕೈಯ ಹೊಲಿಗೆ ಗಟ್ಟಿಯಾಗಿಯೇ ಇತ್ತು. ಗಟ್ಟಿಯಾಗಿದ್ದೂ ಯಾರನ್ನೂ ಕಾಯುತ್ತಿರಲಿಲ್ಲ. ಇದನ್ನು ನುಂಗುವುದು ಅವಳಿಗೆ ಬಹಳ ಕಷ್ಟವಾಯಿತು.

ಅಷ್ಟರಲ್ಲಿ ಹೆಣ್ಣುಮಕ್ಕಳ ಓಟ ಕೂಗಿದರು. ಐದು ಬೈಕು ಕಬ್ಬಿಣದ ಅಡ್ಡಗಟ್ಟೆಯ ಹಿಂದೆ ನಿಂತವು. ಅದರಲ್ಲಿ ಕೆಂಪು ಹೆಲ್ಮೆಟ್ಟಿನವಳು ಮಮತಾ. ಐದೂ ಎಂಜಿನ್ನು ಒಟ್ಟಿಗೆ ಕೂಗಿದಾಗ ತಗಡಿನ ಸೂರು ನಡುಗಿತು. ಆ ಸದ್ದು ಕಿವಿಗೆ ಬರಲಿಲ್ಲ, ನೇರ ಎದೆಗೇ ಬಂತು. ಪಾಲಮ್ಮ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡಳು, ಕಣ್ಣು ಮಾತ್ರ ಮುಚ್ಚಲಿಲ್ಲ. ಅಡ್ಡಗಟ್ಟೆ ದಢ್ ಎಂದು ಬಿತ್ತು.

ಆಮೇಲೆ ಕಂಡದ್ದನ್ನು ನಾಗರತ್ನ ಸಾಯುವವರೆಗೆ ಮರೆಯುವುದಿಲ್ಲ. ಕೆಂಪು ಹೆಲ್ಮೆಟ್ಟಿನ ಹುಡುಗಿ ಮೊದಲ ದಿಬ್ಬ ಏರಿದಳು, ಏರಿದವಳು ಇಳಿಯಲಿಲ್ಲ. ಗಾಳಿಯಲ್ಲೇ ಇದ್ದಳು! ದೀಪಗಳ ಹತ್ತಿರ, ಎರಡು ಗಾಲಿಯೂ ನೆಲ ಬಿಟ್ಟು, ಮಣ್ಣಿನ ಉಂಡೆಗಳು ಅವಳ ಹಿಂದೆ ಚೆಲ್ಲುತ್ತ. ಬಸ್ಸಿನಲ್ಲಿ ಬುತ್ತಿ ಹಿಡಿದು ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಇವಳೇನಾ? ಎರಡನೇ ದಿಬ್ಬದ ಬೆನ್ನಿಗೆ ಮೆತ್ತಗೆ ಇಳಿದು, ಏರಿಯಂಥ ತಿರುವಿನಲ್ಲಿ ಮೈಯೆಲ್ಲ ವಾಲಿಸಿ, ಉತ್ತ ಸಾಲುಗಳ ಮೇಲೆ ಟಕಟಕ ಕುಣಿದು ಹೋದಳು. ನಾಗರತ್ನಳಿಗೆ ಗೊತ್ತಿಲ್ಲದೆ ಕಣ್ಣಲ್ಲಿ ನೀರು ಬಂದಿತ್ತು. ಹೆದರಿಕೆಗೂ ಅಲ್ಲ, ದುಃಖಕ್ಕೂ ಅಲ್ಲ. ಇಂಥದ್ದೊಂದು ಲೋಕದಲ್ಲಿದೆ, ತನ್ನಂಥವಳೇ ಒಬ್ಬಳು ಅದನ್ನು ಮಾಡುತ್ತಾಳೆ ಅನ್ನುವ ಬೆರಗಿಗೆ.

"ದೇವುಡಾ! ಹಕ್ಕಿ ಹಾರಿದಂಗ ಹಾರ್ತಾಳಲ್ಲೇ ಕೂಸು," ಎಂದು ಪಾಲಮ್ಮ ಎದೆಗೆ ಕೈ ಇಟ್ಟುಕೊಂಡಳು.

ಮಮತಾ ಎರಡನೆಯವಳಾಗಿ ಬಂದಳು. ಹೆಲ್ಮೆಟ್ ತೆಗೆದರೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಒಳಗೆಲ್ಲ ಒರೆಸಿ, ನೇರ ಗಂಗರಾಜುವಿನ ಮುಂದೆ ಬಂದು ಹೆಲ್ಮೆಟ್ ಚಾಚಿದಳು.

"ತಗಾ ಅಣ್ಣ. ನಿಂದು ಮುಂದಿನ ಓಟ."

"ಹೆಣ್ಮಗಳ ಹೆಲ್ಮೆಟ್ ನಾ ಹಾಕ್ಕೊಳ್ಳೂದಾ?"

"ಯಾಕ, ನೀ ಹುಟ್ಟಿದ್ದು ಗಂಡಸಿನ ಹೊಟ್ಟ್ಯಾಗೇನು?" ಎಂದಳು ಪಾಲಮ್ಮ. ಸುತ್ತಲಿನವರು ಗೊಳ್ಳೆಂದರು. ಗಂಗರಾಜು ಅಮ್ಮನನ್ನು ಗುರಾಯಿಸಿ, ಹೆಲ್ಮೆಟ್ ತಲೆಗೇರಿಸಿದ. ಕೆನ್ನೆ ಒತ್ತಿತು. "ಬಿಗಿ ಆತು," ಎಂದು ಗೊಣಗಿದ.

"ಬಿಗಿನೇ ಇರ್ಬೇಕು. ತಲೆ ಅಲ್ಲಾಡ್ಸು. ತಲೆ ಜೊತೆ ಅದೂ ತಿರುಗ್ಬೇಕು. ಅದೊಂದೇ ತಿರುಗಿದ್ರೆ ದೊಡ್ದಾತು ಅಂತ." ಮಮತಾ ಪಟ್ಟಿಯನ್ನು ಎರಡು ಕಬ್ಬಿಣದ ಬಳೆಗಳೊಳಗೆ ತೂರಿಸಿ, ಹಿಂದಿರುಗಿಸಿ ಒಂದೇ ಬಳೆಯೊಳಗೆ ಎಳೆದಳು. "ಎಷ್ಟು ಎಳೆದ್ರೆ ಅಷ್ಟು ಬಿಗಿ ಆಗ್ತದೆ. ನೋಡಿದ್ಯಾ ಅಕ್ಕ? ಈಗ ಬಿಚ್ತೀನಿ, ನೀನೇ ಕಟ್ಟು."

ನಾಗರತ್ನ ಕಟ್ಟಿದಳು. ಒಂದೇ ಸಲಕ್ಕೆ ಬಂತು, ಹೊಲಿಯುವ ಕೈ ಅಲ್ಲವೇ. ಗದ್ದದ ಕೆಳಗೆ ಎರಡು ಬೆರಳು ತೂರುವಷ್ಟೇ ಜಾಗ ಬಿಟ್ಟಳು. ಆಮೇಲೆ ಮಮತಾ ಹೇಳಿದಂತೆ ಹೆಲ್ಮೆಟ್ಟಿನ ಹಿಂಭಾಗ ಹಿಡಿದು ಮುಂದಕ್ಕೆ ಎತ್ತಿ ನೂಕಿದಳು. ಜಗ್ಗಲಿಲ್ಲ. ಗಂಡನ ಕಣ್ಣು ಒಳಗಿನಿಂದ ಅವಳನ್ನೇ ನೋಡುತ್ತಿತ್ತು. ಈ ಒಂದು ಗಂಟು ತನ್ನದು, ಇದು ಬಿಚ್ಚಬಾರದು ದೇವರೇ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.

ಸ್ಥಳೀಯರ ಓಟಕ್ಕೆ ಎಂಟು ಬೈಕು. ಎಲ್ಲ ದಿನಬಳಕೆಯವೇ, ಹಾಲು ಹಾಕುವವು, ಶಾಲೆಗೆ ಹೋಗುವವು, ಬಂಡಲ್ ಹೊರುವವು. ದಿಬ್ಬ ಹಾರಬೇಡಿ, ಉರುಳಿಸಿಕೊಂಡು ದಾಟಿ ಎಂದು ಮೊದಲೇ ಹೇಳಿದ್ದರು. ಮೊದಲ ಸುತ್ತು ಗಂಗರಾಜು ಹಾಗೆಯೇ ದಾಟಿದ. ಜನ ಅವನ ಹೆಸರು ಹಿಡಿದು ಕೂಗಿದರು. ಆ ಕೂಗೇ ಅವನನ್ನು ಕೆಡಿಸಿತು. ಎರಡನೇ ಸುತ್ತಿನಲ್ಲಿ ಮೂರನೇ ದಿಬ್ಬಕ್ಕೆ ಆಕ್ಸಿಲರೇಟರ್ ತಿರುವಿಯೇಬಿಟ್ಟ.

ಬೈಕು ಹಾರಿತು. ಒಂದು ಗಳಿಗೆ ಅವನೂ ಆ ದೀಪಗಳ ಹತ್ತಿರ ಇದ್ದ. ನಿಜ ಹೇಳಬೇಕೆಂದರೆ ಚೆಂದವೇ ಇತ್ತು. ಮುಂದಿನ ಗಾಲಿ ಸೊಟ್ಟಗೆ ಇಳಿಯಿತು, ಅವನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋದ. ತಲೆ ಮೊದಲು ನೆಲಕ್ಕೆ ಬಡಿಯಿತು. ಹಿಂದೆ ಬರುತ್ತಿದ್ದವನು ಬ್ರೇಕ್ ಹಾಕಿದ, ಆದರೆ ಗಾಲಿ ಬಂದು ಗಂಗರಾಜುವಿನ ತಲೆಗೇ ತಗುಲಿತು. ಟಪ್ ಎಂದ ಆ ಸದ್ದು ಅಷ್ಟು ಗದ್ದಲದಲ್ಲೂ ನಾಗರತ್ನಳಿಗೆ ಕೇಳಿಸಿತು.

ಓಟ ನಿಲ್ಲಿಸಲು ಕೆಂಪು ಬಾವುಟ ಏರಿತು. ಎಂಜಿನ್ನುಗಳು ಒಂದೊಂದಾಗಿ ನಿಂತವು. ನಾಗರತ್ನ ಹಲಗೆ ಹಾರಿ, ಮಣ್ಣಿನಲ್ಲಿ ಕಾಲು ಹೂತು ಹೂತು ಓಡಿದಳು. ಅವಳು ಮುಖ ನೋಡಲಿಲ್ಲ, ಕೈಕಾಲು ನೋಡಲಿಲ್ಲ. ಮೊದಲು ನೋಡಿದ್ದು ಹೆಲ್ಮೆಟ್ಟನ್ನು. ಅದು ತಲೆಯ ಮೇಲೇ ಇತ್ತು. ಗಂಟು ಕಟ್ಟಿದ ಹಾಗೇ ಇತ್ತು.

ಸಂಘದವರು ಕರೆಸಿದ್ದ ಡಾಕ್ಟರು ಯಾರಿಗೂ ಮುಟ್ಟಗೊಡಲಿಲ್ಲ. ಕುತ್ತಿಗೆ ಹಿಡಿದು, ನಿಧಾನವಾಗಿ ನೋಡಿ, ಆಮೇಲೆ ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದರು.

"ನಿಮ್ಮ ಹೆಸರೇನು?" ಎಂದು ಕೇಳಿದರು.

ಗಂಗರಾಜು ಕಣ್ಣು ಪಿಳುಕಿಸಿದ. ಮಾತಾಡಲಿಲ್ಲ. ನಾಗರತ್ನಳಿಗೆ ಮಮತಾಳ ಅಣ್ಣ ನೆನಪಾದ. ಪಕ್ಕದಲ್ಲಿದ್ದ ಮಮತಾ ಅವಳ ಕೈ ಗಟ್ಟಿಯಾಗಿ ಹಿಡಿದಳು.

"ಹೆಸರು ಹೇಳ್ರಿ."

"ನಾಗರತ್ನನ ಗಂಡ," ಎಂದ ಗಂಗರಾಜು. ಹೆಂಡತಿಯ ಕಡೆ ಕಣ್ಣು ಹೊರಳಿಸಿದ. "ಅಳಬ್ಯಾಡ. ಗಂಗರಾಜು ನಾನು. ಇವತ್ತು ಆಯ್ತವಾರ. ನನ್ನ ಗಾಡಿ ಎಲ್ಲೈತಿ?"

ನಾಗರತ್ನ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು, ನಗುತ್ತ ಅತ್ತಳು. ಡಾಕ್ಟರು ಅವನನ್ನು ಮತ್ತೆ ಓಡಿಸಲು ಬಿಡಲಿಲ್ಲ. ಆಸ್ಪತ್ರೆಗೆ ಕಳಿಸಿ, ಒಂದು ದಿನ ಮಲಗಿಸಿಕೊಂಡು ನೋಡಲು ಹೇಳಿದರು. ಭುಜ ಊದಿಕೊಂಡದ್ದು ಬಿಟ್ಟರೆ ಮತ್ತೇನೂ ಆಗಿರಲಿಲ್ಲ.

ಕೆಂಪು ಹೆಲ್ಮೆಟ್ಟಿನ ಹಣೆಯ ಮೇಲೆ ಮಾತ್ರ ಗೇಣುದ್ದದ ಸೀಳು ಬಿದ್ದಿತ್ತು.

"ನಿನ್ನ ಸಾಮಾನು ಕೆಡಿಸಿದ್ವಿ ತಾಯಿ," ಎಂದಳು ಪಾಲಮ್ಮ. "ನನ್ನ ಸೊಸಿ ಹೆಂಗರ ಮಾಡಿ ಅಂಟಿಸಿ ಕೊಡ್ತಾಳ."

"ಬ್ಯಾಡಜ್ಜಿ. ಒಂದು ಸಲ ಏಟು ತಿಂದಿದ್ದು ಇನ್ನೊಂದು ಏಟು ತಡ್ಯಾಕಿಲ್ಲ. ನೋಡಾಕೆ ಚೆನ್ನಾಗಿದ್ರೂ ಅಷ್ಟೇ. ಇದರ ಕೆಲ್ಸ ಮುಗೀತು, ಬಿಸಾಕ್ಬೇಕು." ಮಮತಾ ಆ ಸೀಳಿನ ಮೇಲೆ ಕೈಯಾಡಿಸಿದಳು. "ನಮ್ಮಣ್ಣಂದು ನೋಡು, ಒಂದು ಗೀರೂ ಇಲ್ದಂಗೆ ಮನೇಲಿ ಕೂತೈತೆ. ಎಲ್ಮೆಟ್ ಇಂಗೆ ಒಡೀಬೇಕು ಅಜ್ಜಿ. ತಲೆ ಒಡೀಬಾರದು."

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನಾಗರತ್ನಳಿಗೆ ಇದ್ದಕ್ಕಿದ್ದಂತೆ ಇನ್ನೊಂದು ಯೋಚನೆ ಹೊಳೆಯಿತು. ಐವತ್ತು ಬಟನ್ನಿನ ಪೊಟ್ಟಣ. ಈಗ ಅದರಲ್ಲಿ ಉಳಿದಿರುವುದು ಏಳು. ಅಂದರೆ ನಲವತ್ಮೂರು ಪಟ್ಟಿ. ತನ್ನ ಗಂಡನದು ಕಿತ್ತು ಬಂತು. ಉಳಿದ ನಲವತ್ತೆರಡು ತಲೆಗಳು ತನ್ನನ್ನು ನಂಬಿ ರಸ್ತೆಯಲ್ಲಿ ಓಡಾಡುತ್ತಿದ್ದವು!

ಮರುದಿನ ಬೆಳಿಗ್ಗೆ ಗಂಡನನ್ನು ಮನೆಗೆ ಕರೆತಂದು ಮಲಗಿಸಿ, ಅವಳು ಮಷೀನಿಗೆ ಬಟ್ಟೆ ಹೊದಿಸಿ, ದೊಡ್ಡ ಕತ್ತರಿ ತೆಗೆದುಕೊಂಡು ಹೊರಟಳು. ಪಾಲಮ್ಮನೂ ಹಿಂದೆಯೇ ಬಂದಳು. ಮೊದಲ ಮನೆ ಕೊಟ್ರಬಸಪ್ಪನದು. ವಯಸ್ಸಾದವನು, ಮೊಂಡುತನದಲ್ಲಿ ಗಂಗರಾಜುವಿಗೆ ಗುರು.

"ಹೆಲ್ಮೆಟ್ ಕೊಡ್ರಿ ಮಾವ. ನಾ ಹೊಲಿದಿದ್ದು ಕತ್ತರಸ್ತೀನಿ."

"ಯಾಕವ್ವ? ಕಲ್ಲಿನಂಗೈತಿ. ಒಂದು ವರ್ಷ ಆತು, ಒಂದು ಎಳಿ ಬಿಟ್ಟಿಲ್ಲ."

"ಎಳಿ ಬಿಡಂಗಿಲ್ರಿ. ಟೊಪ್ಪಿಗೇನೇ ಬಿಟ್ಟು ಹೋಗ್ತೈತಿ."

"ಏನು ಮಾತಂತ ಆಡ್ತಿ! ನಿನ್ನ ಕೈಕೆಲಸ ನೀನೇ ಹಳೀತೀಯಾ?"

"ಹಾಕ್ಕೋರಿ ಒಂದು ಸಲ. ಬಟನ್ ಹಚ್ಚಿಕೊಳ್ರಿ. ತಲಿ ಬಗ್ಗಸ್ರಿ." ಕೊಟ್ರಬಸಪ್ಪ ತಲೆ ಬಗ್ಗಿಸಿದ. ನಾಗರತ್ನ ಹಿಂಭಾಗ ಹಿಡಿದು ಮುಂದಕ್ಕೆ ನೂಕಿದಳು, ಅಷ್ಟೇ. ಹೆಲ್ಮೆಟ್ಟು ಸರ್ರನೆ ಜಾರಿ, ಕನ್ನಡಕವನ್ನೂ ಕರೆದುಕೊಂಡು ಅವನ ಮಡಿಲಿಗೆ ಬಿತ್ತು. ಬಟನ್ ಹಾಕಿದಂತೇ ಇತ್ತು, ಒಳಗಿನ ಮೆತ್ತೆ ಮಾತ್ರ ಚಿಪ್ಪಿನಿಂದ ಬಿಟ್ಟು ಬಂದಿತ್ತು.

ಕೊಟ್ರಬಸಪ್ಪ ಬೋಳು ತಲೆಯನ್ನು ಎರಡೂ ಕೈಯಿಂದ ಮುಟ್ಟಿ ನೋಡಿಕೊಂಡ. ತಲೆ ಇದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವನಂತೆ.

"ನನಗ ಕೂದಲಾ ಇಲ್ಲ, ಉದುರೂ ಚಿಂತಿನೂ ಇಲ್ಲ," ಎಂದ ಕಡೆಗೆ. "ಕತ್ತರಸವ್ವ. ಹೊಸಾದು ತಗೋತೀನಿ. ಜೀವ ಉಳಿದ್ರ ಬೆಲ್ಲ ಬೇಡಿ ತಿಂದೇನು."

ಹೀಗೆ ಮನೆಯಿಂದ ಮನೆಗೆ. ಕೆಲವರು ನಕ್ಕರು. ಕೆಲವರು, "ಕೆಟ್ಟ ಮೇಲೆ ಬುದ್ಧಿ ಬಂತಾ ನಾಗರತ್ನಾ?" ಎಂದು ಚುಚ್ಚಿದರು. "ಬಂತ್ರಿ. ನಿಮ್ಮದು ಕೆಡೂದಕ್ಕ ಮುಂಚೆ ಬಂತಲ್ಲ, ಕೊಡ್ರಿ," ಎಂದು ಅವಳು ಕೈ ಚಾಚಿದಳು. ತಾನೇ ಹೊಲಿದ ಐದು ಸಾಲನ್ನು ತಾನೇ ಕತ್ತರಿಸುವಾಗ ಮೊದಲ ನಾಲ್ಕು ಮನೆಯಲ್ಲಿ ಅವಳ ಕೈ ಹಿಂಜರಿಯಿತು. ಆಮೇಲೆ ಹಿಂಜರಿಯಲಿಲ್ಲ. ಕತ್ತರಿಸಿದ ಬಟನ್ನನ್ನು ಒಂದೊಂದಾಗಿ ಪಾಲಮ್ಮ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು.

ಮೂರನೇ ದಿನ ಗಂಗರಾಜು ಎದ್ದು ಕೂತ. ಭುಜಕ್ಕೆ ಪಟ್ಟು ಕಟ್ಟಿಕೊಂಡೇ ಹೋಗಿ ಎರಡು ಹೊಸ ಹೆಲ್ಮೆಟ್ ತಂದ. ಎರಡರ ಹಿಂದೆಯೂ ಐಎಸ್ಐ ಗುರುತು. ಒಂದು ತನಗೆ.

"ಇನ್ನೊಂದು ಯಾರಿಗೆ?" ಎಂದಳು ನಾಗರತ್ನ.

"ಹಿಂದ ಕೂಡ್ರೂಕಿ ತಲಿ ಏನು ಕುಂಬಳಕಾಯೇನು? ಇಲ್ಲಿ ಬಾ." ಅವಳ ಗದ್ದದ ಕೆಳಗೆ ಅವನೇ ಕಟ್ಟಿದ. ಎರಡು ಬೆರಳು ತೂರಿಸಿ ನೋಡಿದ. ಪಾಲಮ್ಮ ಬೇಕೆಂದೇ ಮುಖ ಆಚೆ ತಿರುಗಿಸಿಕೊಂಡಳು.

ನಾಗರತ್ನ ಮಮತಾಳಿಗೆಂದು ಮೊಣಕಾಲಿಗೆ ನಾಲ್ಕು ಪದರ ಹಾಕಿದ ಜೀನ್ಸ್ ಹೊಲಿದಳು. ಅದು ಮಾತ್ರ ಹೊಲಿಯುವವಳು ಹೊಲಿಯಬೇಕಾದದ್ದು. ಗುಡಿಬಂಡೆಗೆ ಹೋಗಿ ಕೊಟ್ಟು, ತಿಮ್ಮರಾಜುವಿನ ಪಕ್ಕ ಸ್ವಲ್ಪ ಹೊತ್ತು ಕೂತು ಬಂದಳು. ಅವನು ಅವಳನ್ನು ನೋಡಿ ನಕ್ಕ. ಗೀರಿಲ್ಲದ ಆ ಹೆಲ್ಮೆಟ್ಟು ಗೂಟಕ್ಕೆ ತೂಗುಹಾಕಿತ್ತು.

ಹದಿನೈದು ದಿನಕ್ಕೆ ಪಾಲಮ್ಮನ ಚೀಲದಲ್ಲಿ ಬಟನ್ ಎಣಿಸಿದರೆ ನಲವತ್ತೆರಡು ಇದ್ದವು, ಗಂಗರಾಜುವಿನದೂ ಸೇರಿ. ನಲವತ್ಮೂರನೆಯದು ಇಲ್ಲ. ನಾಗರತ್ನ ನೆನಪು ಕೆದಕಿದಳು. ಹೌದು, ಒಬ್ಬ ದಾರಿಹೋಕ ಬಂದಿದ್ದ. ತೊಳೆಯುವ ಶೆಡ್ಡಿಗೆ ಮಾಲು ತಂದವನು. "ಬೇಗ ಒಲ್ದು ಕೊಡಕ್ಕ, ಮಡಕಶಿರಾ ಮುಟ್ಬೇಕು," ಅಂದಿದ್ದ. ಹೆಸರು ಕೇಳಿರಲಿಲ್ಲ. ಮಮತಾ ಮಡಕಶಿರಾ ಬಸ್ ನಿಲ್ದಾಣದಲ್ಲಿ, ಫ್ಯಾಕ್ಟರಿಯ ಗೇಟಿನಲ್ಲಿ, ನಿಲ್ಲಿಸಿದ ಬೈಕುಗಳ ಸಾಲಿನಲ್ಲಿ ಹುಡುಕಿದಳು. ಸಿಗಲಿಲ್ಲ.

ಇದನ್ನು ಓದುತ್ತಿರುವ ಅಣ್ಣ, ಕೇಳುತ್ತಿರುವ ಅಕ್ಕ, ಆ ಪಟ್ಟಿ ನಿಮ್ಮ ಮನೆಯಲ್ಲೇ ಇರಬಹುದು. ಜೀನ್ಸಿನದೇ ಆಗಬೇಕೆಂದಿಲ್ಲ. ಲಾಡಿ ಕಟ್ಟಿದ್ದಿರಬಹುದು, ಪಿನ್ನು ಚುಚ್ಚಿದ್ದಿರಬಹುದು, ಕೊಂಡಿ ಮುರಿದು ಹಾಗೇ ಜೋತಾಡುತ್ತಿರಬಹುದು. ಈಗಲೇ ಎದ್ದು ಹೋಗಿ ನಿಮ್ಮ ಹೆಲ್ಮೆಟ್ ತಿರುಗಿಸಿ ನೋಡಿ. ಪಟ್ಟಿ ಚಿಪ್ಪಿಗೇ ಕೂತಿದೆಯೇ? ತಲೆಗೆ ಹಾಕಿ, ಕಟ್ಟಿ, ಮನೆಯವರ ಕೈಲಿ ಹಿಂದಿನಿಂದ ಮುಂದಕ್ಕೆ ನೂಕಿಸಿ. ಜಾರಿ ಬಂದರೆ ಅದು ಹೆಲ್ಮೆಟ್ಟಲ್ಲ, ಬರೀ ಬುಟ್ಟಿ. ರಿಪೇರಿ ಮಾಡಬೇಡಿ, ಬದಲಾಯಿಸಿ. ಹಿಂದೆ ಕೂರುವವರಿಗೂ ಒಂದು ತನ್ನಿ. ಅಂಗಡಿಗೆ ಹೋಗುವಾಗಲೂ, ಪಕ್ಕದ ಬೀದಿಗೆ ಹೋಗುವಾಗಲೂ ಕಟ್ಟಿ.

ನಾಗರತ್ನ ಆ ದೊಡ್ಡ ಕತ್ತರಿಯನ್ನು ಇನ್ನೂ ಮಷೀನಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ. ಬಾಗಿಲಲ್ಲಿ ಬೈಕು ನಿಂತ ಸದ್ದಾದರೆ ಹೊಲಿಗೆ ನಿಲ್ಲಿಸಿ ಎದ್ದು ನೋಡುತ್ತಾಳೆ. ಅವಳ ಎಣಿಕೆಯಲ್ಲಿ ಇನ್ನು ಬಾಕಿ ಇರುವುದು ಒಂದೇ ಒಂದು ತಲೆ. ಅದು ನಿಮ್ಮದಾಗಿದ್ದರೆ, ದಯವಿಟ್ಟು ಅವಳನ್ನು ಕಾಯಿಸಬೇಡಿ.